ನನ್ನ ಬಲಗೈಗೆ ಬಲ ತಂದವರಿಗೆ

ಕಳೆದ ವಾರ ಬೆಂಗಳೂರಿನಿಂದ ಕೋಲ್ಕತ್ತಕ್ಕೆ ಹೊರಟ ಬೆಳಗಿನ ವಿಮಾನದಲ್ಲಿ ಮತ್ತೆ ಗಗನಸಖಿಯಾಗಿ ಕೆಲಸಕ್ಕೆ ಹಾಜರಾದೆ. ಬಲಗೈಯ ಮಣಿಕಟ್ಟು ಮುರಿದುಕೊಂಡು ಶ್ರಾವಣದಲ್ಲಿ ಊರಿಗೆ ಬಂದವಳು ದಸರೆ, ದೀಪಾವಳಿ ಎರಡನ್ನೂ ಕೊಪ್ಪಳದಲ್ಲೇ ಕಂಡು, ಗವಿಮಠದ ಜಾತ್ರೆ ಮುಗಿದ ಮೇಲೆ ಹೊರಟೆ. ಈ ನಡುವೆ ಆಸರೆಯಾದವರಲ್ಲಿ ಕೆಲವರ ಮನೆಗೇ ಹೋಗಿ ಕೈಮುಗಿದು ಬಂದಿದ್ದೇನೆ. ಇನ್ನು ಕೆಲವರ ಹೆಸರಾಗಲಿ ಊರಾಗಲಿ ನನಗೆ ಗೊತ್ತಿಲ್ಲ. ಅವರನ್ನು ತಲುಪಲು ಹೀಗೆ ಎಲ್ಲರೆದುರು ಬರೆಯುವುದೊಂದೇ ದಾರಿ.

ಮೊದಲು, ಆ ದಿನ ವಿಮಾನದಲ್ಲಿದ್ದವರಿಗೆ. ದೆಹಲಿಯಿಂದ ಬೆಂಗಳೂರಿಗೆ ಬರುವ ಮಧ್ಯಾಹ್ನದ ಹಾರಾಟ ಅದು. ಊಟ ಹಂಚುತ್ತ ಅರ್ಧ ವಿಮಾನ ದಾಟಿದ್ದೆವು. ಮುಂದೆ ಕುಲುಕಾಟವಿದೆ, ಸೇವೆ ನಿಲ್ಲಿಸಿ ಎಂದು ಕ್ಯಾಪ್ಟನ್ ಇಂಟರ್‌ಫೋನಿನಲ್ಲಿ ಹೇಳಿದರು. ಟ್ರಾಲಿಯನ್ನು ಗ್ಯಾಲಿಗೆ, ಅಂದರೆ ವಿಮಾನದ ಪುಟ್ಟ ಅಡುಗೆಕೋಣೆಗೆ, ಎಳೆದುಕೊಂಡು ಹೋಗುತ್ತಿದ್ದಾಗಲೇ ವಿಮಾನ ಧಡಕ್ಕನೆ ಕುಸಿಯಿತು. ವಿಮಾನದ ರೇಡಾರ್ ಮೋಡದೊಳಗಿನ ಮಳೆಹನಿಗಳನ್ನು ಗುರುತಿಸುತ್ತದೆ. ಮೋಡದಾಚೆಯ ಒಣಗಾಳಿಯ ಏರಿಳಿತ ಅದಕ್ಕೆ ಕಾಣುವುದಿಲ್ಲ. ಆದ್ದರಿಂದ ಇದರಲ್ಲಿ ಯಾರನ್ನೂ ದೂರುವಂತಿಲ್ಲ. ಬೆಲ್ಟ್ ಕಟ್ಟಿಕೊಂಡು ಕೂತವರು ಬೆಚ್ಚಿಬಿದ್ದರು, ಅಷ್ಟೇ. ನಿಂತಿದ್ದ ನಾನು ಮೇಲಕ್ಕೆ ಚಿಮ್ಮಿ, ಬಲಗೈ ಊರಿ ಬಿದ್ದೆ.

ನೀಲಿ ಸೀರೆಯ ಒಬ್ಬ ಹಿರಿಯ ತಾಯಿ ನನ್ನ ಸೊಂಟವನ್ನು ತಬ್ಬಿ ಹಿಡಿದು ಪಕ್ಕದ ಖಾಲಿ ಸೀಟಿಗೆ ಎಳೆದುಕೊಂಡರು. ಎರಡನೆಯ ಕುಸಿತ ಬಂದಾಗ ನಾನು ಅವರ ತೋಳಿನೊಳಗಿದ್ದೆ. ಎದುರಿನ ಸಾಲಿನ ಯುವಕನೊಬ್ಬ ಎರಡೂ ಕಾಲು ಚಾಚಿ ಟ್ರಾಲಿಯನ್ನು ಒತ್ತಿ ಹಿಡಿದ. ತುಂಬಿದ ಟ್ರಾಲಿ ಎಷ್ಟು ಭಾರವೆಂದು ನನಗೆ ಗೊತ್ತು. ಅದು ಎಗರಿ ಯಾರ ಮೇಲಾದರೂ ಬಿದ್ದಿದ್ದರೆ ಏನಾಗುತ್ತಿತ್ತೆಂಬುದೂ ಗೊತ್ತು. ಹಿಂದಿನ ಸಾಲಿನಿಂದ ಎದ್ದು ಬಂದ ನರ್ಸ್ ಒಬ್ಬರು ಸೀಟಿನ ಜೇಬಿನಲ್ಲಿದ್ದ ಪತ್ರಿಕೆಯನ್ನು ಮಣಿಕಟ್ಟಿನ ಸುತ್ತ ದಬ್ಬೆಯಂತೆ ಸುತ್ತಿದರು. ತಮ್ಮ ದುಪಟ್ಟಾದಿಂದಲೇ ಕೈಯನ್ನು ಕೊರಳಿಗೆ ಕಟ್ಟಿದರು. ಮೂಳೆ ಇನ್ನಷ್ಟು ಜರುಗದೆ ಉಳಿದದ್ದು ಆ ಕಟ್ಟಿನಿಂದ ಎಂದು ವೈದ್ಯರು ಆಮೇಲೆ ಹೇಳಿದರು. ಮೂವರೂ ಇಳಿದು ಜನರ ನಡುವೆ ಹೋಗಿಬಿಟ್ಟರು. ದುಪಟ್ಟಾ ನನ್ನ ಬಳಿಯೇ ಉಳಿದಿದೆ. ಹಸಿರು ಬಣ್ಣ, ಅಂಚಿನಲ್ಲಿ ಬಿಳಿ ಕಸೂತಿ. ಆ ಸೋದರಿ ಇದನ್ನು ಓದಿದರೆ ದಯವಿಟ್ಟು ನನಗೆ ತಿಳಿಸಬೇಕು.

ಆ ದಿನದ ನನ್ನ ಕಿರಿಯ ಸಹೋದ್ಯೋಗಿಯನ್ನು ಹೇಗೆ ಮರೆಯಲಿ? ಪ್ರತಿ 50 ಸೀಟಿಗೆ ಒಬ್ಬರು ಸಿಬ್ಬಂದಿ ಎಂಬುದು ನಿಯಮ. 180 ಸೀಟುಗಳ ನಮ್ಮ ವಿಮಾನದಲ್ಲಿ ನಾವು ನಾಲ್ವರಿದ್ದೆವು. ನಾನು ಕೂತ ಮೇಲೆ ಮೂವರಾದರು. ಮಿಜೋರಾಮಿನಿಂದ ಬಂದ, ಆಗಷ್ಟೇ ತರಬೇತಿ ಮುಗಿಸಿದ್ದ ಆ ಹುಡುಗಿ ಹಿಂಬದಿಯ ಎರಡೂ ಬಾಗಿಲುಗಳ ಹೊಣೆ ಹೊತ್ತಳು. ಅಳುತ್ತಿದ್ದ ಮಕ್ಕಳ ಬಳಿಗೂ ಹೋದಳು, ನನ್ನ ಬಳಿಗೂ ಬಂದಳು. ಅವಳ ಧ್ವನಿ ಒಮ್ಮೆಯೂ ನಡುಗಲಿಲ್ಲ.

ಬೆಂಗಳೂರಿನಲ್ಲಿ ಪ್ಲಾಸ್ಟರ್ ಹಾಕಿಸಿಕೊಂಡು ಹಂಪಿ ಎಕ್ಸ್‌ಪ್ರೆಸ್ ಹತ್ತಿದೆ. ನನ್ನದು ಮೇಲಿನ ಬರ್ತ್ ಆಗಿತ್ತು. ಕೈ ನೋಡಿದ ಕೂಡಲೇ ತಮ್ಮ ಕೆಳಗಿನ ಬರ್ತ್ ಬಿಟ್ಟುಕೊಟ್ಟ ಬಳ್ಳಾರಿಯ ದಂಪತಿಗೆ ಶರಣು. ಬೆಳಿಗ್ಗೆ ಹೊಸಪೇಟೆ ದಾಟಿ ತುಂಗಭದ್ರೆ ಕಂಡಾಗ ಅಳು ತಡೆಯಲಾಗಲಿಲ್ಲ. ನಿಲ್ದಾಣದಲ್ಲಿ ಅಪ್ಪ ನಿಂತಿದ್ದರು.

ಇನ್ನು ಅವ್ವನ ಮಾತು. ನಮ್ಮ ಕೆಲಸಕ್ಕೆ ಹಗಲು ರಾತ್ರಿ ಎಂಬ ಭೇದವಿಲ್ಲ. ನಸುಕಿನ ಮೂರು ಗಂಟೆಗೆ ಮನೆಮುಂದೆ ಕಾರು ಬರುತ್ತದೆ. ಅಷ್ಟರೊಳಗೆ ತುರುಬು ಕಟ್ಟಿ, ಸಮವಸ್ತ್ರ ತೊಟ್ಟು ಸಿದ್ಧವಾಗಿರಬೇಕು. ಸ್ಟ್ಯಾಂಡ್‌ಬೈ ದಿನಗಳಲ್ಲಿ ಫೋನಿಗೆ ಕಿವಿಗೊಟ್ಟು ಕೂರಬೇಕು. ದೆಹಲಿಗೆ ಹೊರಟವಳು ಮಂಜಿನ ದೆಸೆಯಿಂದ ಜೈಪುರದಲ್ಲಿ ಇಳಿದು, ಪ್ರಯಾಣಿಕರ ಸಿಟ್ಟನ್ನೂ ಸಂಕಟವನ್ನೂ ಕೇಳುತ್ತ ಗಂಟೆಗಟ್ಟಲೆ ಕಳೆದದ್ದುಂಟು. ಇಷ್ಟು ವರ್ಷ ನನ್ನನ್ನು ಕಾಪಾಡಿದ್ದು ಅವ್ವ ಕಟ್ಟಿಕೊಡುವ ಸ್ಟೀಲ್ ಡಬ್ಬಿಗಳು: ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಅಗಸಿ ಪುಡಿ. ಹಾರುವಾಗ ವಿಮಾನದೊಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿದ್ದಷ್ಟೇ ಇರುತ್ತದೆ; ಗಾಳಿಯೂ ತೀರ ಒಣಗಿರುತ್ತದೆ. ನಾಲಿಗೆಗೆ ಉಪ್ಪು, ಸಿಹಿ ಎರಡೂ ಮಂಕಾಗುತ್ತವೆ. ಅಲ್ಲಿಯೂ ಬೆಳ್ಳುಳ್ಳಿ ಹಾಕಿ ಕುಟ್ಟಿದ ಶೇಂಗಾ ಪುಡಿಯ ಖಾರ ತನ್ನ ರುಚಿ ಬಿಟ್ಟುಕೊಡುವುದಿಲ್ಲ. ಗ್ಯಾಲಿಯ ಪರದೆಯ ಹಿಂದೆ ಕೇರಳದವರು, ಮಣಿಪುರದವರು, ಪಂಜಾಬಿನವರು ಎಲ್ಲರೂ ಅವ್ವನ ರೊಟ್ಟಿ ಮುರಿದು ತಿಂದಿದ್ದಾರೆ.

ನಾನು ಕೈ ಕಟ್ಟಿಸಿಕೊಂಡು ಬಂದಾಗ ನೋಡಲು ಬಂದವರಲ್ಲಿ ಹಲವರು, ಇನ್ನು ಆ ಕೆಲಸ ಸಾಕು, ಇಲ್ಲೇ ಏನಾದರೂ ನೋಡಿಕೊಳ್ಳಲಿ ಎಂದರು. ಪ್ರೀತಿಯಿಂದಲೇ ಅಂದರು, ಅದರಲ್ಲಿ ಅನುಮಾನವಿಲ್ಲ. ಆದರೆ ಅವ್ವ ಆ ಮಾತನ್ನು ಒಮ್ಮೆಯೂ ಆಡಲಿಲ್ಲ. ಭಯವಿರಲಿಲ್ಲವೆಂದಲ್ಲ, ರಾತ್ರಿ ಎದ್ದು ನನ್ನ ಕೈ ಸವರಿ ಹೋಗುತ್ತಿದ್ದಳು. ಬೆಳಿಗ್ಗೆ ಮಾತ್ರ, “ನಿನ್ನ ಡ್ಯೂಟಿಗೆ ಈ ಕೈ ಏನೇನು ಮಾಡಬೇಕು, ಹೇಳು” ಎಂದು ಕೇಳಿದಳು. ಆ ಪ್ರಶ್ನೆಗಾಗಿ ನಾನು ಅವಳಿಗೆ ಜೀವಮಾನವಿಡೀ ಋಣಿ. ವೈನಿ ತಿಂಗಳುಗಟ್ಟಲೆ ನನ್ನ ಜಡೆ ಹೆಣೆದರು, ಚಿಗವ್ವ ಅನ್ನ ಕಲಸಿ ಉಣ್ಣಿಸಿದಳು. ಅವರೂ ಅವ್ವನ ಪರವಾಗಿಯೇ ನಿಂತರು.

ಪ್ಲಾಸ್ಟರ್ ಬಿಚ್ಚಿದಾಗ ಮಣಿಕಟ್ಟು ಕಟ್ಟಿಗೆಯಂತೆ ಸೆಟೆದಿತ್ತು. ಬೆರಳುಗಳಲ್ಲಿ ಬಲವೇ ಇರಲಿಲ್ಲ. ನಮ್ಮೂರಿನ ಫಿಸಿಯೋಥೆರಪಿ ವೈದ್ಯೆ ಮೆತ್ತನೆಯ ಚೆಂಡು ಹಿಚುಕಲು ಕೊಟ್ಟರು. ಅವ್ವ ಅವರ ಎದುರಿಗೇ, ಚೆಂಡಿನ ಬದಲು ಹಿಟ್ಟು ನಾದಿದರೆ ನಡೆಯುತ್ತದೆಯೇ ಎಂದು ಕೇಳಿದಳು. ಅವರು ಯೋಚಿಸಿ, ಹಿಟ್ಟು ಉಗುರುಬೆಚ್ಚಗಿರಲಿ, ನೋವಾದರೆ ನಿಲ್ಲಿಸಿ ಎಂದು ಒಪ್ಪಿದರು. ಜೋಳದಲ್ಲಿ ಗೋಧಿಯ ಅಂಟಿಲ್ಲ. ಕುದಿಯುವ ಎಸರು ಹಾಕಿ, ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಿದರಷ್ಟೇ ಹಿಟ್ಟು ಕೂಡಿಕೊಳ್ಳುತ್ತದೆ. ನನ್ನ ಕೈಗೆ ಬೇಕಾಗಿದ್ದದ್ದು ಅದೇ ಒತ್ತಡ. ಮೊದಮೊದಲು ನಿಂಬೆಹಣ್ಣಿನಷ್ಟು ಹಿಟ್ಟು. ಆಮೇಲೆ ಒಂದು ರೊಟ್ಟಿಯಷ್ಟು. ಬಡಿಯಲು ಬಂದದ್ದು ಬಹಳ ತಡವಾಗಿ. ಅಂಚು ಸೀಳುತ್ತಿತ್ತು, ಅವ್ವ ನೀರು ಹಚ್ಚಿ ಕೂಡಿಸುತ್ತಿದ್ದಳು.

ಅಷ್ಟರಲ್ಲಿ ಜಾತ್ರೆ ಹತ್ತಿರ ಬಂತು. ಗವಿಸಿದ್ಧೇಶ್ವರ ಜಾತ್ರೆಯ ಮಹಾದಾಸೋಹಕ್ಕೆ ಸುತ್ತಲಿನ ಹಳ್ಳಿಗಳಿಂದ ಲಕ್ಷಗಟ್ಟಲೆ ರೊಟ್ಟಿ ಟ್ರ್ಯಾಕ್ಟರುಗಳಲ್ಲಿ ಬರುವುದು ಕೊಪ್ಪಳದವರಿಗೆಲ್ಲ ಗೊತ್ತು. ನಮ್ಮ ಓಣಿಯ ಹೆಣ್ಣುಮಕ್ಕಳೂ ಸಾಲಾಗಿ ಒಲೆ ಹೂಡಿ ಕೂತರು. ಅವರು ನನ್ನನ್ನು ರೋಗಿಯೆಂದು ದೂರ ಕೂರಿಸಲಿಲ್ಲ. ನಡುವೆ ಜಾಗ ಬಿಟ್ಟು, ಮುಂದೆ ಹಿಟ್ಟಿನ ಪರಾತ ಇಟ್ಟರು. ನಾನು ದಣಿದಾಗ ಪಕ್ಕದವರು ಸದ್ದಿಲ್ಲದೆ ನನ್ನ ಪಾಲಿನ ಹಿಟ್ಟು ತೆಗೆದುಕೊಂಡು ಬಡಿದರು. ಹಂಚಿನ ಮೇಲೆ ನನ್ನ ರೊಟ್ಟಿ ಉಬ್ಬಿದಾಗ ಅವರೆಲ್ಲ ಪಟ್ಟ ಸಂತೋಷವನ್ನು ಹೇಗೆ ಬರೆಯಲಿ! ದಾಸೋಹಕ್ಕೆ ಹೋದ ಆ ರೊಟ್ಟಿಗಳನ್ನು ಯಾರು ಉಂಡರೋ, ಅವರಿಗೂ ನನ್ನ ನಮಸ್ಕಾರ.

ದೀರ್ಘ ರಜೆಯ ನಂತರ ನೇರವಾಗಿ ವಿಮಾನ ಹತ್ತಲು ಬಿಡುವುದಿಲ್ಲ. ಸುರಕ್ಷತಾ ತರಬೇತಿಯಲ್ಲಿ ಮತ್ತೆ ತೇರ್ಗಡೆಯಾಗಬೇಕು. ತರಬೇತಿ ಕೇಂದ್ರದ ಮಾದರಿ ವಿಮಾನದಲ್ಲಿ ಬಾಗಿಲು ತೆರೆದೆ. ರೆಕ್ಕೆಯ ಮೇಲಿನ ತುರ್ತು ನಿರ್ಗಮನದ, ಸುಮಾರು 15 ಕಿಲೋ ತೂಕದ ಮುಚ್ಚಳ ಎತ್ತಿದೆ. ನನಗೆ ಹೆದರಿಕೆಯಿದ್ದದ್ದು ಹೃದಯ ನಿಂತವರ ಎದೆಯನ್ನು ಒತ್ತುವ ಪರೀಕ್ಷೆಯದು: ನಿಮಿಷಕ್ಕೆ 100ರಿಂದ 120 ಬಾರಿ, ಪ್ರತಿ ಬಾರಿಯೂ ಐದು ಸೆಂಟಿಮೀಟರ್ ಆಳ, ಇಡೀ ಭಾರ ಅಂಗೈಯ ಬುಡದ ಮೇಲೆ. ಮಣಿಕಟ್ಟು ತಡೆಯಿತು. ಅವಸರಪಡಿಸದೆ, ರಿಯಾಯಿತಿಯನ್ನೂ ತೋರಿಸದೆ ಪರೀಕ್ಷಿಸಿದ ತರಬೇತುದಾರರಿಗೆ ವಿಶೇಷ ವಂದನೆ. ರಿಯಾಯಿತಿ ಕೊಟ್ಟಿದ್ದರೆ ಪ್ರಯಾಣಿಕರ ಎದುರು ನಿಲ್ಲುವ ಧೈರ್ಯ ನನಗೆ ಬರುತ್ತಿರಲಿಲ್ಲ.

ಮೊದಲ ಹಾರಾಟದಲ್ಲಿ ಮಿಜೋರಾಮಿನ ಅದೇ ಹುಡುಗಿ ಜೊತೆಗಿದ್ದಳು. ತನ್ನ ಡ್ಯೂಟಿಯ ಪಾಳಿ ಬದಲಾಯಿಸಿಕೊಂಡು ಬಂದಿದ್ದಳೆಂದು ಆಮೇಲೆ ತಿಳಿಯಿತು. ಡಬ್ಬಿಯ ರೊಟ್ಟಿಯನ್ನು ನಾವಿಬ್ಬರೂ ಹಂಚಿಕೊಂಡೆವು.

ನಮ್ಮ ಓಣಿಯ ಅವ್ವಂದಿರೇ, ಅಕ್ಕಂದಿರೇ, ಮುಂದಿನ ಜಾತ್ರೆಗೆ ರಜೆ ಬೇಕೆಂದು ಕಚೇರಿಗೆ ಈಗಲೇ ಬರೆದುಕೊಟ್ಟಿದ್ದೇನೆ. ಒಲೆಯ ಸಾಲಿನಲ್ಲಿ ನನಗೊಂದು ಜಾಗ ಇಟ್ಟಿರಿ. ಈ ಸಲ ನನ್ನ ಪಾಲಿನ ಹಿಟ್ಟಷ್ಟೂ ನಾನೇ ಬಡಿಯುತ್ತೇನೆ.