ಮುಚ್ಚಿದ ಸಭೆಯ ಬಗ್ಗೆ ಪುಟ್ಟಿಗೆ ಒಂದು ಕಾಗದ

ಪ್ರೀತಿಯ ಪುಟ್ಟಿಗೆ,

ನಿನ್ನ ಕಾಗದ ಬಂತು. ಕೆಲಸ, ಮನೆ, ಕುವೈತಿನ ಬಿಸಿಲು ಎಲ್ಲ ನಿಮ್ಮಮ್ಮ ಮೊದಲೇ ಹೇಳಿದ್ದಳು. ಅದಕ್ಕೆಲ್ಲ ಉತ್ತರ ಬರೆಯುವುದಿಲ್ಲ. ಕೊನೇ ಪುಟದ ಒಂದು ಮಾತು ಮಾತ್ರ ನನ್ನನ್ನು ಸುಮ್ನೆ ಕೂರಲು ಬಿಡುತ್ತಿಲ್ಲ. ನಿನ್ನ ಆಫೀಸಿನ ಕುವೈತಿ ಹುಡುಗಿ, "ನಮ್ಮಮ್ಮನಿಗೆ ಓಟು ಸಿಕ್ಕಾಗ ನಾನು ಶಾಲೆಗೆ ಹೋಗ್ತಿದ್ದೆ. ನನ್ನ ಮಗಳಿಗೆ ಅದು ಬರೀ ಕತೆಯಾಗುತ್ತೇನೋ" ಅಂದಳಂತೆ. ಅದರ ಕೆಳಗೆ ನೀನು ಬರೆದಿದ್ದೀಯ: "ದೊಡ್ಡಮ್ಮ, ದೊರೆ ಕೊಟ್ಟಿದ್ದನ್ನ ದೊರೆಯೇ ಒಂದು ರಾತ್ರಿಯಲ್ಲಿ ವಾಪಸ್ ತಗೊಳ್ಳೋದಾದ್ರೆ, ಅದು ಯಾವತ್ತಾದ್ರೂ ನಿಜವಾಗಿ ಇತ್ತಾ?"

ಇತ್ತು ಪುಟ್ಟಿ. ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ನಾನು ಇತ್ತು ಅಂದ ಮಾತ್ರಕ್ಕೆ ನಿನ್ನ ಭಯ ಹೋಗುವುದಿಲ್ಲ, ಅದೂ ಗೊತ್ತು. 2024ರ ಏಪ್ರಿಲ್ 4ಕ್ಕೆ ಅಲ್ಲಿನ ರಾಷ್ಟ್ರೀಯ ಸಭೆಗೆ, ಅಂದರೆ ಅವರ ಸಂಸತ್ತಿಗೆ, ಚುನಾವಣೆ ಆಯಿತು. ಗೆದ್ದವರು ಒಂದು ದಿನ ಕೂಡ ಸಭೆಯಲ್ಲಿ ಕೂರುವ ಮೊದಲೇ, ಮೇ 10ಕ್ಕೆ ಅಲ್ಲಿನ ದೊರೆ ಅಮೀರರು ಸಭೆ ವಿಸರ್ಜಿಸಿದರು. ಸಂವಿಧಾನದ ಕೆಲವು ವಿಧಿಗಳನ್ನು ನಾಲ್ಕು ವರ್ಷ ಮೀರದಂತೆ ಅಮಾನತಿನಲ್ಲಿಟ್ಟರು. ಆ ಸುದ್ದಿ ಕೇಳಿದ ದಿನ ನನಗೆ ಅನ್ನ ಸೇರಲಿಲ್ಲ. ನಮಗೇನು ಅಲ್ಲಿ ಓಟಿದೆಯಾ ಅಂತ ನಿಮ್ಮ ದೊಡ್ಡಪ್ಪ ಕೇಳಿದರು. ಇಲ್ಲ, ಯಾವತ್ತೂ ಇರಲಿಲ್ಲ. ಆದರೂ ಆ ಊರಿನ ನೀರು ಕುಡಿದವಳು ನಾನು.

1985ರ ಫೆಬ್ರವರಿ ನೆನಪಾಗುತ್ತದೆ. ಆಗ ನಾನು ಅಲ್ಲಿ ಆಸ್ಪತ್ರೆಯಲ್ಲಿ ನರ್ಸ್. ಲ್ಯಾಬಿನಲ್ಲಿ ಒಬ್ಬಳು ಕುವೈತಿ ಗೆಳತಿ ಇದ್ದಳು. ರಾಷ್ಟ್ರೀಯ ಸಭೆಯ ಚುನಾವಣೆ ಮುಗಿದಿತ್ತು. ಹೆಂಗಸರಿಗೆ ಓಟಿರಲಿಲ್ಲ. ಅವಳು ಟೀ ಹೊತ್ತಿಗೆ ಪೇಪರ್ ಹರಡಿಕೊಂಡು ಕೂತಳು. ಗೆದ್ದ 50 ಜನರ ಹೆಸರಿನ ಪಟ್ಟಿ ಅದರಲ್ಲಿತ್ತು. ಕೆಂಪು ಪೆನ್ನು ತಗೊಂಡು ಕೆಲವೇ ಕೆಲವು ಹೆಸರುಗಳ ಪಕ್ಕ ಚುಕ್ಕೆ ಇಟ್ಟಳು. ಇವರು ಹೆಂಗಸರ ಓಟಿಗೆ ಹ್ಞೂಂ ಅನ್ನಬಹುದು ಅಂದಳು. ಉಳಿದವರು? ಅವರನ್ನೂ ಕೇಳ್ತಾ ಇರಬೇಕು ಅಂದಳು. ತನಗೆ ಓಟೇ ಇಲ್ಲದ ಸಭೆಯನ್ನು ಅವಳು ತನ್ನದು ಅಂತ ಓದುತ್ತಿದ್ದಳು. ಇಲ್ಲದ್ದಕ್ಕೆ ಯಾರಾದರೂ ಹಾಗೆ ಚುಕ್ಕೆ ಇಡುತ್ತಾರಾ, ಹೇಳು.

ಮುಂದಿನ ವರ್ಷ ಜುಲೈಯಲ್ಲಿ ಸಭೆ ಮುಚ್ಚಿತು. ಅಲ್ಲಿನ 1962ರ ಸಂವಿಧಾನದ 107ನೇ ವಿಧಿ ಅವಳಿಗೆ ಬಾಯಿಪಾಠ. ಅಮೀರರು ಸಭೆ ವಿಸರ್ಜಿಸಬಹುದು, ಆದರೆ ಎರಡು ತಿಂಗಳೊಳಗೆ ಹೊಸ ಚುನಾವಣೆ ನಡೆಯಬೇಕು. ನಡೆಯದಿದ್ದರೆ ಹಳೇ ಸಭೆಗೇ ಅಧಿಕಾರ ವಾಪಸ್. ಆ ವಿಧಿಯನ್ನೇ ಬದಿಗಿಟ್ಟುಬಿಟ್ಟರು. 1976ರಲ್ಲೂ ಹಾಗೇ ಆಗಿತ್ತಂತೆ. ಆಮೇಲೆ 1981ರಲ್ಲಿ ಮತ್ತೆ ಚುನಾವಣೆ ಆಗಿತ್ತು. ಪೇಪರಿನವರ ಬಾಯಿಗೂ ಬೀಗ ಬಿತ್ತು. ಜನ ನಮ್ಮಂಥವರ ಎದುರು ಮಾತು ನಿಲ್ಲಿಸಿಬಿಟ್ಟರು. ನನಗೂ ಆಗ ನಿನ್ನ ಭಯವೇ. ಇಷ್ಟು ಸುಲಭವಾಗಿ ಹೋಗುವುದಾದರೆ ಇದೇನು ಸಭೆ ಅಂತ.

ಆದರೆ ಸುಲಭವಾಗಿ ಹೋಗಲಿಲ್ಲ. 1989ರ ಕೊನೆಗೆ ಸೋಮವಾರದ ದೀವಾನಿಯಾಗಳು ಶುರುವಾದವು. ದೀವಾನಿಯಾ ನಿನಗೆ ಗೊತ್ತಲ್ಲ, ಗಂಡಸರು ಸೇರಿ ಕಾಫಿ ಕುಡಿದು ಮಾತಾಡುವ ದೊಡ್ಡ ಕೋಣೆ. ಹಳೇ ಸಭೆಯ ಸದಸ್ಯರು ವಾರಕ್ಕೊಬ್ಬರ ಮನೆಯಲ್ಲಿ ಸೇರಿ, ಸಂವಿಧಾನ ವಾಪಸ್ ಕೊಡಿ ಅಂತ ಕೇಳಿದರು. ಪೊಲೀಸರು ದಾರಿ ಅಡ್ಡಗಟ್ಟಿದರು. ಗೆಳತಿಯ ಅಣ್ಣ ಹೋಗುತ್ತಿದ್ದ. ಮಂಗಳವಾರ ಬೆಳಿಗ್ಗೆ ಅವಳ ಕಣ್ಣು ನೋಡಿದರೇ ಗೊತ್ತಾಗುತ್ತಿತ್ತು, ಅವನು ಮನೆಗೆ ಬರುವ ತನಕ ಎಚ್ಚರ ಇದ್ದಳು ಅಂತ.

ಆಮೇಲೆ ಆಗಸ್ಟ್ 1990. ಇರಾಕಿನ ಸೈನ್ಯ ಬಂತು. ನಾವು ಬಸ್ಸು ಹತ್ತಿ ಅಮ್ಮಾನ್ ಸೇರಿ ವಿಮಾನದಲ್ಲಿ ಬಂದ ಕತೆ ನೀನು ಸಾಕಷ್ಟು ಸಲ ಕೇಳಿದ್ದೀಯ, ಬಿಡು. ಊರಿಗೆ ಬಂದ ಮೇಲೆ ಪೇಪರಿನಲ್ಲಿ ಓದಿದೆ. ದೇಶವೇ ಕೈತಪ್ಪಿದ ಆ ಹೊತ್ತಿನಲ್ಲೂ, ಅಕ್ಟೋಬರಿನಲ್ಲಿ ಜೆದ್ದಾದಲ್ಲಿ ಸೇರಿದ ಕುವೈತಿಗಳು ಸಂವಿಧಾನದ ಮಾತು ಬಿಡಲಿಲ್ಲ. ವಾಪಸ್ ಕೊಡುತ್ತೇವೆ ಅಂತ ರಾಜಮನೆತನ ಮಾತು ಕೊಟ್ಟಿತು. 1992ರ ಅಕ್ಟೋಬರಿನಲ್ಲಿ ಚುನಾವಣೆ ಆಯಿತು. ನಿನ್ನ ಪ್ರಶ್ನೆಗೆ ನನ್ನ ಹತ್ತಿರ ಇರುವ ಗಟ್ಟಿ ಉತ್ತರ ಇದೊಂದೇ. ಎರಡು ಸಲ ಹೋಯಿತು, ಎರಡು ಸಲ ಬಂತು. ಮೂರನೇ ಸಲವೂ ಬಂದೇ ಬರುತ್ತೆ ಅಂತ ನಾನು ಭಾಷೆ ಕೊಡಲಾರೆ. ಹಾಗೆ ಬರೆದರೆ ನಿನಗೆ ನಿದ್ದೆ ಬರಬಹುದು, ಆದರೆ ನಿನಗೆ ಸುಳ್ಳು ಹೇಳಲು ನನಗೆ ಮನಸ್ಸಿಲ್ಲ.

ದೊರೆ ಕೊಟ್ಟ, ದೊರೆ ಕಿತ್ತುಕೊಂಡ ಅಂತ ಬರೆದಿದ್ದೀಯಲ್ಲ, ಅದು ಅಷ್ಟು ಸರಳ ಇಲ್ಲ ಪುಟ್ಟಿ. 1999ರಲ್ಲಿ ಸಭೆ ವಿಸರ್ಜನೆಯಾಗಿ ಹೊಸ ಚುನಾವಣೆ ಆಗುವ ಮೊದಲು ಅಮೀರರೇ ಹೆಂಗಸರಿಗೆ ಓಟು ಕೊಡುವ ಆಜ್ಞೆ ಹೊರಡಿಸಿದರು. ಆರಿಸಿ ಬಂದ ಗಂಡಸರು ಸಭೆಯಲ್ಲಿ ಅದನ್ನು ಬೀಳಿಸಿದರು. ಪೇಪರಿನಲ್ಲಿ ಓದಿ ನನಗೆ ಎಂಥ ಸಿಟ್ಟು ಬಂತು ಅಂತೀಯ! ಅದೇ ಸಭೆ 2005ರ ಮೇ 16ರಂದು ಒಪ್ಪಿತು, 35 ಮತ ಪರ, 23 ವಿರೋಧ. 2009ರಲ್ಲಿ ನಾಲ್ಕು ಜನ ಹೆಂಗಸರು ಗೆದ್ದು ಒಳಗೆ ಹೋದರು. ಆ ದಿನ ನನ್ನ ಗೆಳತಿಗೆ ಒಂದು ಕಾಗದ ಬರೆಯಬೇಕಿತ್ತು. ವಿಳಾಸ ಬರೆದಿಟ್ಟ ಪುಸ್ತಕ ಸಾಮಾನಿನ ಜೊತೆ ಅಲ್ಲೇ ಉಳಿಯಿತು. ಅವಳು ಯುದ್ಧದಲ್ಲಿ ಉಳಿದಳೋ, ಓಟು ಹಾಕಿದಳೋ, ಏನೂ ಗೊತ್ತಿಲ್ಲ. ಅದು ನನ್ನನ್ನು ಇವತ್ತಿಗೂ ಚುಚ್ಚುತ್ತದೆ. ಬೇರೆ ಎಷ್ಟೋ ಮರೆತಿದ್ದೇನೆ, ಇದು ಮರೆತಿಲ್ಲ.

ಸಭೆ ಬರೀ ಬೊಂಬೆ ಅನ್ನುವವರಿಗೆ 2006ರ ಜನವರಿ ಹೇಳಬೇಕು. ಹಳೇ ಅಮೀರರು ತೀರಿಕೊಂಡರು. ಪಟ್ಟಕ್ಕೆ ಬಂದ ಶೇಖ್ ಸಾದ್ ಅವರಿಗೆ ತುಂಬಾ ಕಾಯಿಲೆ. ರಾಜಮನೆತನದೊಳಗೆ ಹಗ್ಗಜಗ್ಗಾಟ. ಕೊನೆಗೆ ಸಭೆ ಓಟು ಹಾಕಿ ಅವರನ್ನು ಪಟ್ಟದಿಂದ ಇಳಿಸಿತು. ವಂಶಪಾರಂಪರ್ಯದ ದೊರೆತನ ಇರುವ ದೇಶದಲ್ಲಿ ಇದು ಸಣ್ಣ ಮಾತಲ್ಲ. ಅಲ್ಲಿ ಪ್ರಧಾನಿಯನ್ನು ಅಮೀರರೇ ಆರಿಸುತ್ತಾರೆ, ಮಂತ್ರಿಗಳೂ ಸಭೆಯಲ್ಲಿ ಕೂತು ಓಟು ಹಾಕುತ್ತಿದ್ದರು, ಪಕ್ಷಗಳಿಗೆ ಕಾನೂನಿನ ಮನ್ನಣೆ ಇಲ್ಲ. ಎಲ್ಲ ನಿಜ. ಆದರೂ ಮಂತ್ರಿಯನ್ನು ನಿಲ್ಲಿಸಿ ಕೇಳುವ ಹಕ್ಕು ಸದಸ್ಯನಿಗಿತ್ತು. ಕೇಳಿದ್ದೂ ಉಂಟು, ಮಂತ್ರಿಗಳು ಕುರ್ಚಿ ಬಿಟ್ಟು ಹೋದದ್ದೂ ಉಂಟು. ಕೇಳಿದ್ದು ಅತಿಯಾಯಿತು, ಜಗಳದಲ್ಲೇ ಕಾಲ ಹೋಯಿತು ಅನ್ನುವ ಕುವೈತಿಗಳೂ ಇದ್ದಾರೆ. ಅವರ ಮಾತನ್ನೂ ನೀನು ಕೇಳಿಸಿಕೋ.

ನಾವು ಅಣ್ಣ ಅಂತ ಕರೆಯುತ್ತಿದ್ದ ನಮ್ಮಪ್ಪ, ಅಂದರೆ ನಿಮ್ಮ ತಾತ, ಜನರ ಸರ್ಕಾರ ಬೇಕು ಅಂತ 1947ರಲ್ಲಿ ನಡೆದ ಮೈಸೂರು ಚಲೋದಲ್ಲಿ ಏನು ಮಾಡಿದರು ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತು. ಅವರು ಹೇಳುತ್ತಿದ್ದ ಇನ್ನೊಂದು ಮಾತು ನಿನಗೆ ಗೊತ್ತಿರಲಿಕ್ಕಿಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಕರೆದರಲ್ಲ, ದಸರೆ ಹೊತ್ತಿಗೆ. ಅದನ್ನೂ ಮಹಾರಾಜರೇ ಕೊಟ್ಟದ್ದು. ಬಂದವರು ಅಹವಾಲು ಹೇಳಬಹುದಿತ್ತು, ಅಷ್ಟೇ. ಕಾನೂನು ಮಾಡುವ ಅಧಿಕಾರ ಇರಲಿಲ್ಲ. ಕೆರೆ, ರಸ್ತೆ, ಕಂದಾಯ ಅಂತ ವರ್ಷ ವರ್ಷ ಅದೇ ಅಹವಾಲು. ಆದರೆ ಕೇಳಿ ಕೇಳಿ ಜನಕ್ಕೆ ಕೇಳುವ ಅಭ್ಯಾಸ ಆಯಿತು ಅಂತ ಅಣ್ಣ ಅನ್ನುತ್ತಿದ್ದರು. 1947ರ ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬರುವ ತನಕ ಅರವತ್ತಾರು ವರ್ಷ ಹಿಡಿಯಿತು. ಕುವೈತ್ ಮೈಸೂರಲ್ಲ, ಅಲ್ಲಿನ ದಾರಿ ಅವರದ್ದು. ಅಣ್ಣನನ್ನು ಜಾಸ್ತಿ ಕೇಳಲಿಲ್ಲ ಅನ್ನುವ ಕೊರಗು ನನಗಿದೆ. ಆ ಅರವತ್ತಾರು ವರ್ಷದಲ್ಲಿ, ಇದೆಲ್ಲ ಸುಳ್ಳು ಅಂತ ಅವರಿಗೆ ಯಾವಾಗಾದರೂ ಅನ್ನಿಸಿತ್ತಾ ಅಂತ. ನಿನ್ನ ಕಾಗದ ಓದಿದ ಮೇಲೆ ಕೇಳಬೇಕು ಅನ್ನಿಸುತ್ತಿದೆ, ಕೇಳಲು ಅವರಿಲ್ಲ.

ಬುದ್ಧಿ ಹೇಳಲು ನನ್ನ ಹತ್ತಿರ ಹೆಚ್ಚೇನೂ ಇಲ್ಲ. ಹೇಳುವ ಒಂದೆರಡು ಮಾತೂ ನಿನಗೆ ಹಿಡಿಸದೇ ಇರಬಹುದು. ಫೋನಿನಲ್ಲಿ, ಗ್ರೂಪುಗಳಲ್ಲಿ ಈ ವಿಷಯ ಬರೆಯಬೇಡ. ಅಮೀರರ ಬಗ್ಗೆ ಆಡುವ ಮಾತಿಗೆ ಅಲ್ಲಿ ಜೈಲಿದೆ, ನೀನು ಪರದೇಶದವಳು. ಹೆದರುಪುಕ್ಕಲಿ ದೊಡ್ಡಮ್ಮ ಅನ್ನು, ಪರವಾಗಿಲ್ಲ. ಆ ಹುಡುಗಿಗೆ ನಮ್ಮಲ್ಲಿ ಪ್ರಜಾಪ್ರಭುತ್ವ ಇದೆ ಅಂತ ಹೇಳಲು ಹೋಗಬೇಡ. ಎಲ್ಲ ಸರಿಯಾಗುತ್ತೆ ಅಂತಲೂ ಹೇಳಬೇಡ, ನಿನಗೇನು ಗೊತ್ತು. ಅವಳು ಮಾತಾಡಿದರೆ ಕೂತು ಕೇಳು. ಸಾಧ್ಯವಾದರೆ ಆ ಸಂವಿಧಾನ ಒಂದು ಸಲ ಓದು. ಬರೀ 183 ವಿಧಿ. ಅವಳ ಜೊತೆ ಮಾತಾಡುವಾಗ ನಿನಗೇ ಅನುಕೂಲ.

ಇನ್ನೊಂದು, ಅವಳ ಅಮ್ಮನನ್ನು ನೋಡುವ ಸಂದರ್ಭ ಬಂದರೆ ಕೇಳು, 2006ರಲ್ಲಿ ಮೊದಲ ಸಲ ಓಟು ಹಾಕಲು ಹೋದಾಗ ಜೊತೆಗೆ ಯಾರು ಹೋಗಿದ್ದರು, ಎಷ್ಟು ಹೊತ್ತು ಸಾಲಿನಲ್ಲಿ ನಿಂತರು ಅಂತ. ಅವರಿಗೆ ಹೇಳಲು ಇಷ್ಟವಿದ್ದರೆ ಮಾತ್ರ. ನೆನಪಿಟ್ಟುಕೊಂಡು ರಜಕ್ಕೆ ಬಂದಾಗ ನನಗೆ ಹೇಳು. ಬರೆಯಬೇಡ.

ನಿನ್ನ ದೊಡ್ಡಮ್ಮ