ಅವರ ಇನ್ಸುಲಿನ್ ನಿನ್ನ ಬ್ಯಾಗಿನಲ್ಲಿ ಬೇಡ

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ ನೀನು ಹೇಳಿದ ಮಾತು ರಾತ್ರಿಯೆಲ್ಲ ತಲೆಯಲ್ಲಿ ಸುತ್ತುತ್ತಿತ್ತು. ಅಳಿಯಂದಿರಿಗೆ ಇನ್ಸುಲಿನ್ ಶುರುವಾಗಿ ಮೂರು ವಾರವಾಯಿತು. ಇನ್ಸುಲಿನ್ ಚುಚ್ಚಿಕೊಳ್ಳುವ ಪೆನ್ನನ್ನು ಪ್ಯಾಂಟಿನ ಜೇಬಿಗೆ ತುರುಕಿಕೊಂಡು ಆಫೀಸಿಗೆ ಹೋಗುತ್ತಾರೆ. ಶುಗರ್ ನೋಡುವ ಮೀಟರ್ ಮನೆಯಲ್ಲೇ ಬಿಟ್ಟಿರುತ್ತಾರೆ. ಒಂದು ಸಣ್ಣ ಬ್ಯಾಗ್ ಇಟ್ಟುಕೊಳ್ಳಿ ಅಂದರೆ ಸಿಡುಕುತ್ತಾರೆ. ಇದೆಲ್ಲ ಹೇಳಿ ಕೊನೆಗೆ, ‘ಹೋಗ್ಲಿ ಬಿಡಪ್ಪಾ, ಇನ್ಮೇಲೆ ಎಲ್ಲ ನನ್ನ ಬ್ಯಾಗಲ್ಲೇ ಇಟ್ಕೋತೀನಿ’ ಅಂದೆ. ಆ ಮಾತಿಗೇ ಈ ಪತ್ರ. ಹಾಗೆ ಮಾಡಬೇಡ ಮಗಳೇ.

ನಿಮ್ಮಮ್ಮ ಮದುವೆಯಾದಾಗಿನಿಂದ ಹನ್ನೊಂದು ವರ್ಷ ಅದನ್ನೇ ಮಾಡಿದಳು. ಇಬ್ಬರೂ ಹೊರಗೆ ಹೊರಟರೆ ನನ್ನ ಇನ್ಸುಲಿನ್, ಸಿರಿಂಜ್, ಗ್ಲೂಕೋಸ್ ಪೊಟ್ಟಣ ಎಲ್ಲ ಅವಳ ಬ್ಯಾಗಿನಲ್ಲಿ. ನಾನು ಕೈಬೀಸಿಕೊಂಡು ನಡೆಯುತ್ತಿದ್ದೆ. ಅದು ಪ್ರೀತಿ ಅಂತಲೇ ಇಬ್ಬರಿಗೂ ಅನ್ನಿಸುತ್ತಿತ್ತು. ಪ್ರೀತಿಯೇ ಹೌದು. ಆದರೆ ಒಂದು ದಿನ ರೈಲ್ವೆ ನಿಲ್ದಾಣದಲ್ಲಿ ಅವಳು ಸಾಮಾನಿನ ಹತ್ತಿರ ಕೂತಳು, ನಾನು ಟಿಕೆಟ್ ಸಾಲಿಗೆ ಹೋದೆ. ನಿನಗಾಗ ಐದು ವರ್ಷ, ಅಮ್ಮನ ತೊಡೆಯ ಮೇಲೆ ನಿದ್ದೆ ಹೋಗಿದ್ದೆ. ಹತ್ತು ನಿಮಿಷದ ಕೆಲಸ ಅಂದುಕೊಂಡಿದ್ದು ಮುಕ್ಕಾಲು ಗಂಟೆ ಹಿಡಿಯಿತು. ಮೊದಲು ಕತ್ತಿನ ಹಿಂದೆ ತಣ್ಣನೆ ಬೆವರು. ಆಮೇಲೆ ಕೈ ನಡುಕ. ಜೇಬಿಗೆ ಕೈ ಹಾಕಿದೆ. ಕರ್ಚೀಫು, ಬೀಗದ ಕೈ, ಚಿಲ್ಲರೆ. ಇನ್ನೊಂದು ಜೇಬು. ಮತ್ತೆ ಮೊದಲಿನ ಜೇಬು. ಸಾಲು ಬಿಟ್ಟು ಅಮ್ಮನ ಹತ್ತಿರ ಹೋಗಬೇಕು ಅನ್ನುವುದು ಗೊತ್ತಾಗುತ್ತಿತ್ತು, ಅವಳು ಯಾವ ಕಡೆ ಕೂತಿದ್ದಾಳೆ ಅನ್ನುವುದು ಗೊತ್ತಾಗಲಿಲ್ಲ. ಶುಗರ್ ತೀರಾ ಇಳಿದಾಗ ಬುದ್ಧಿಯೂ ಕೈಕೊಡುತ್ತದೆ. ಕುಡಿದಿದ್ದಾನೆ ಅಂತ ಯಾರೋ ಅಂದದ್ದು ಕೇಳಿಸಿತು. ಪಕ್ಕದ ಸಾಲಿನಲ್ಲಿದ್ದ ಹೆಂಗಸೊಬ್ಬರು ತಮ್ಮ ಮಗುವಿನ ಕೈಯಿಂದ ಜ್ಯೂಸ್ ಬಾಟಲಿ ತೆಗೆದು ನನ್ನ ಕೈಗಿಟ್ಟು ಕುಡಿಸಿದರು. ಅವರ ಮನೆಯಲ್ಲೂ ಯಾರಿಗೋ ಶುಗರ್ ಇತ್ತಂತೆ. ಆ ಮಗು ಅತ್ತಿದ್ದು ಇವತ್ತಿಗೂ ನೆನಪಿದೆ.

ನಿಮ್ಮಮ್ಮನ ಬ್ಯಾಗಿನಲ್ಲಿ ಎಲ್ಲವೂ ಇತ್ತು. ಆಮೇಲೆ ನೋಡಿದರೆ ನಾನು ನಿಂತ ಜಾಗದಿಂದ ಅರವತ್ತು ಹೆಜ್ಜೆ ಇರಬಹುದು ಅಷ್ಟೇ.

ಗಂಡಸರು ಯಾಕೆ ಹೀಗೆ ಅಂತ ಕೇಳಿದೆಯಲ್ಲ. ಚಿಕ್ಕಂದಿನಿಂದ ನಮಗೆ ಜೇಬೇ ಬ್ಯಾಗು. ಮುಂದೆ ಎರಡು, ಹಿಂದೆ ಎರಡು, ಅಂಗಿಗೊಂದು. ಹೊರಡುವಾಗ ಪರ್ಸು, ಫೋನು, ಬೀಗದ ಕೈ ಮುಟ್ಟಿ ನೋಡಿಕೊಂಡರೆ ಮುಗಿಯಿತು. ಅದರ ಮೇಲೆ ಇದ್ದಕ್ಕಿದ್ದಂತೆ ಪೆನ್, ಸೂಜಿ, ಮೀಟರ್, ಮೀಟರಿಗೆ ಹಾಕುವ ಸ್ಟ್ರಿಪ್‌ಗಳ ಡಬ್ಬಿ, ಬೆರಳಿಗೆ ಚುಚ್ಚುವ ಲ್ಯಾನ್ಸೆಟ್, ಗ್ಲೂಕೋಸ್ ಎಲ್ಲ ಸೇರಿದರೆ ಒಂದೊಂದೂ ಒಂದೊಂದು ಜೇಬಿಗೆ ಹಂಚಿಹೋಗುತ್ತದೆ. ಪ್ಯಾಂಟ್ ಬದಲಾಯಿಸಿದ ದಿನ ಅರ್ಧ ಸಾಮಾನು ಹಳೇ ಪ್ಯಾಂಟಿನಲ್ಲೇ ಉಳಿಯುತ್ತದೆ.

ಇದಕ್ಕಿಂತ ದೊಡ್ಡ ಕಾರಣ ನಾಚಿಕೆ. ಬ್ಯಾಗ್ ಹಾಕಿಕೊಂಡರೆ ‘ಏನಿದೆ ಅದರಲ್ಲಿ?’ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಜೇಬಿನ ವಿಷಯ ಯಾರೂ ಕೇಳುವುದಿಲ್ಲ. ಆಫೀಸಿಗೆ ಹೋಗುವಾಗ ನಾನು ಸಿರಿಂಜನ್ನೂ ಔಷಧಿ ಬಾಟಲಿಯನ್ನೂ ಕನ್ನಡಕದ ಡಬ್ಬಿಯಲ್ಲಿ ಇಟ್ಟುಕೊಂಡು ಹೋಗುತ್ತಿದ್ದೆ. ಆಗ ನನಗೆ ಕನ್ನಡಕವೇ ಇರಲಿಲ್ಲ. ಮೊದಲ ಇನ್ಸುಲಿನ್ ಪೆನ್ 1985ರಲ್ಲಿ ಬಂತು, ನೋಡಲು ಇಂಕ್ ಪೆನ್ನಿನ ಹಾಗೇ ಇತ್ತು. ಎಷ್ಟೋ ವರ್ಷಗಳ ನಂತರ ನನಗೂ ಒಂದು ಪೆನ್ ಸಿಕ್ಕಿದಾಗ ಅದನ್ನು ಶರ್ಟಿನ ಜೇಬಿಗೆ ಸಿಕ್ಕಿಸಿಕೊಂಡೆ. ಯಾರಿಗೂ ಗೊತ್ತಾಗುವುದಿಲ್ಲವಲ್ಲ ಅನ್ನುವ ಸಮಾಧಾನ ಎಷ್ಟಿತ್ತು ಅಂತ ನಿನಗೆ ಹೇಗೆ ಹೇಳಲಿ! ಅಳಿಯಂದಿರ ಸಿಡುಕಿನ ಹಿಂದೆಯೂ ಇದೇ ಇದೆ ಅಂತ ನನಗೆ ಅನ್ನಿಸುತ್ತದೆ. ಅವರ ಮೇಲೆ ಬೇಜಾರು ಮಾಡಿಕೊಳ್ಳಬೇಡ.

ಆದರೂ ಪ್ಯಾಂಟಿನ ಜೇಬು ಇನ್ಸುಲಿನ್‌ಗೆ ಆಗಿಬರುವ ಜಾಗ ಅಲ್ಲ. ಇದನ್ನು ಅವರಿಗೆ ನಾನೇ ಹೇಳುತ್ತೇನೆ, ನೀನೂ ತಿಳಿದುಕೊಂಡಿರು. ಇನ್ನೂ ಬಳಸದ ಪೆನ್ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಫ್ರೀಜರಿಗೆ ತಾಗಬಾರದು, ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಬಳಸುವಂತಿಲ್ಲ. ಬಳಸುತ್ತಿರುವ ಪೆನ್ ಹೊರಗೆ ಇರಬಹುದು. ಸಾಮಾನ್ಯವಾಗಿ 30 ಡಿಗ್ರಿ ಮೀರಬಾರದು, 28 ದಿನ ದಾಟಬಾರದು. ಕೆಲವು ಬಗೆಗೆ ಲೆಕ್ಕ ಬೇರೆ, ಪೆಟ್ಟಿಗೆಯೊಳಗಿನ ಚೀಟಿ ಓದಿಕೊಳ್ಳಿ. ಈಗ ಯೋಚನೆ ಮಾಡು, ನಮ್ಮ ಮೈಬಿಸಿಯೇ ಸುಮಾರು 37 ಡಿಗ್ರಿ. ಇಡೀ ದಿನ ತೊಡೆಗೆ ಅಂಟಿಕೊಂಡಿರುವ ಪೆನ್ನಿನ ಗತಿ ಏನು? ಒಂದು ಬೇಸಿಗೆಯಲ್ಲಿ ಎರಡು ದಿನ ನನ್ನ ಶುಗರ್ 300ರಿಂದ ಕೆಳಗೆ ಇಳಿಯಲೇ ಇಲ್ಲ. ಊಟ ಕಡಿಮೆ ಮಾಡಿದೆ, ನಡೆದೆ, ನಿದ್ದೆಗೆಟ್ಟೆ. ಪೆನ್ನನ್ನು ಬೆಳಕಿಗೆ ಹಿಡಿದು ನೋಡಿದರೆ ಔಷಧಿ ನೀರಿನಷ್ಟು ತಿಳಿಯಾಗಿತ್ತು. ಕೆಟ್ಟ ಇನ್ಸುಲಿನ್ ಕದಡಿದ ಹಾಗೇ ಕಾಣಬೇಕು ಅಂತೇನಿಲ್ಲ ಅಂತ ಡಾಕ್ಟರು ಹೇಳಿದ ಮೇಲೆಯೇ ಹೊಸ ಪೆನ್ ತೆಗೆದದ್ದು. ಅವತ್ತೇ ಶುಗರ್ ಇಳಿಯಿತು.

ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಡುವುದೂ ಬೇಡ, ಅದು ಜೇಬಿಗಿಂತ ಕೆಟ್ಟದ್ದು. ಮತ್ತೆ ಸೂಜಿ ಬಿಚ್ಚದೆ ಪೆನ್ ಒಳಗಿಟ್ಟರೆ ಔಷಧಿ ಸೋರುತ್ತದೆ, ಗಾಳಿಯೂ ಸೇರಿಕೊಳ್ಳುತ್ತದೆ. ಪ್ರತಿ ಸಲ ಹೊಸ ಸೂಜಿ ಹಾಕಿ, 2 ಯೂನಿಟ್ ಗಾಳಿಗೆ ಬಿಟ್ಟು, ತುದಿಯಲ್ಲಿ ಹನಿ ಕಂಡ ಮೇಲೆ ಚುಚ್ಚಿಕೊಳ್ಳಬೇಕು.

ನನ್ನ ಕಪ್ಪು ಬ್ಯಾಗ್ ನಿನಗೆ ಗೊತ್ತಲ್ಲ. ನೀನು ಜಿಪ್ ಎಳೆದೆಳೆದು ಆಡುತ್ತಿದ್ದದ್ದು ಹರಿದುಹೋದ ಮೇಲೆ ಅದೇ ಅಳತೆಯದ್ದು ಹುಡುಕಿ ತಂದೆ. ಎದೆಗೆ ಅಡ್ಡ ಹಾಕಿಕೊಂಡರೆ ಎರಡು ಕೈಯೂ ಖಾಲಿ ಇರುತ್ತವೆ. ಪೆನ್ ನಡುವಿನ ಖಾನೆಯಲ್ಲಿ, ಮೈಗೂ ತಾಗದು, ಬಿಸಿಲೂ ಬೀಳದು. ಸ್ಟ್ರಿಪ್‌ಗಳು ಅವುಗಳ ಡಬ್ಬಿಯಲ್ಲೇ, ಮುಚ್ಚಳ ಗಟ್ಟಿಯಾಗಿ ಹಾಕಿ. ಜಾಗ ಉಳಿಯಲಿ ಅಂತ ಮೊದಲು ನಾಲ್ಕೈದನ್ನು ಕಾಗದದಲ್ಲಿ ಸುತ್ತಿ ಒಯ್ಯುತ್ತಿದ್ದೆ. ತೇವ ತಾಗಿದ ಸ್ಟ್ರಿಪ್ ತಪ್ಪು ಲೆಕ್ಕ ತೋರಿಸುತ್ತದೆ, ಆ ಲೆಕ್ಕ ನಂಬಿ ಇನ್ಸುಲಿನ್ ಹಾಕಿಕೊಳ್ಳುವುದು ಎಷ್ಟು ಅಪಾಯ ಅಂತ ಆಗ ಹೊಳೆದಿರಲಿಲ್ಲ. ಬಳಸಿದ ಸೂಜಿಗೆ ಗಟ್ಟಿ ಮುಚ್ಚಳದ ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿ. ಸುಮ್ನೆ ಬ್ಯಾಗಿಗೆ ಎಸೆದರೆ ಯಾರ ಬೆರಳಿಗಾದರೂ ಚುಚ್ಚುತ್ತದೆ, ನಿನ್ನಂಥ ಜಿಪ್ ಎಳೆಯುವ ಮಕ್ಕಳಿರುವ ಮನೆಯಲ್ಲಂತೂ.

ಬೇಸಿಗೆಯಲ್ಲಿ ಪೆನ್ನಿಗೆ ನೀರಿನಲ್ಲಿ ನೆನೆಸುವ ಚೀಲವಿದೆ. ಒಳಗಿನ ಹರಳುಗಳು ನೀರು ಹೀರಿ ಉಬ್ಬುತ್ತವೆ, ಆ ನೀರು ಆರುತ್ತಾ ಆರುತ್ತಾ ಒಳಗೆ ತಂಪಾಗುತ್ತದೆ. ಒದ್ದೆ ಬಟ್ಟೆ ಗಾಳಿಗೆ ತಣ್ಣಗಾಗುತ್ತದಲ್ಲ, ಹಾಗೆ. ಅದಕ್ಕೇ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಬಾರದು, ಗಾಳಿ ಆಡಬೇಕು. ವಿಮಾನದಲ್ಲಿ ಹೋಗುವುದಾದರೆ ಇನ್ಸುಲಿನ್ ಕೈಚೀಲದಲ್ಲೇ ಇರಲಿ, ಕೆಳಗೆ ಸಾಮಾನಿನ ಜೊತೆ ಹಾಕಿದರೆ ಹೆಪ್ಪುಗಟ್ಟುವ ಭಯವಿದೆ, ಸಾಮಾನು ಕಳೆದುಹೋಗುವ ಭಯವೂ ಇದೆ. ಎಷ್ಟು ಬೇಕೋ ಅದರ ಎರಡರಷ್ಟು ಒಯ್ಯಲಿ.

ಇಷ್ಟು ಹೇಳಿದ ಮೇಲೂ ಒಂದು ಸಾಮಾನು ಮಾತ್ರ ಜೇಬಿನಲ್ಲೇ ಇರಬೇಕು. ಗ್ಲೂಕೋಸ್. ಬ್ಯಾಗನ್ನು ಕುರ್ಚಿಗೆ ನೇತುಹಾಕಿ ಎದ್ದು ಹೋಗುತ್ತೇವೆ, ಪಕ್ಕದ ಕೋಣೆಯಲ್ಲಿ ಮರೆಯುತ್ತೇವೆ. ಇನ್ಸುಲಿನ್ ಹಾಕಿಕೊಳ್ಳುವುದು ಹತ್ತು ನಿಮಿಷ ತಡವಾದರೆ ನಡೆಯುತ್ತದೆ, ಲೋ ಶುಗರ್ ಕಾಯುವುದಿಲ್ಲ. 70ಕ್ಕಿಂತ ಕೆಳಗೆ ಬಂದರೆ 15 ಗ್ರಾಂ ಸಕ್ಕರೆ, 15 ನಿಮಿಷ ಬಿಟ್ಟು ಮತ್ತೆ ನೋಡುವುದು. 4 ಗ್ರಾಮಿನ ಮಾತ್ರೆಯಾದರೆ ನಾಲ್ಕು. ಚಾಕೊಲೇಟ್ ಬೇಡ, ಅದರ ಕೊಬ್ಬಿನಿಂದಾಗಿ ಸಕ್ಕರೆ ರಕ್ತಕ್ಕೆ ಸೇರುವುದು ನಿಧಾನ. ನನ್ನ ಪ್ರತಿ ಪ್ಯಾಂಟಿನ ಬಲಜೇಬಿನಲ್ಲೂ ಒಂದು ಪೊಟ್ಟಣ ಇದೆ. ಒಗೆಯಲು ಹಾಕುವ ಮುಂಚೆ ನಿಮ್ಮಮ್ಮ ಅದನ್ನು ತೆಗೆದು ಕಿಟಕಿಯ ಮೇಲೆ ಸಾಲಾಗಿ ಇಡುತ್ತಾಳೆ. ಈಗ ಅವಳು ಮಾಡುವುದು ಅಷ್ಟೇ.

ಹಾಗಂತ ನಿನಗೆ ಕೆಲಸವೇ ಇಲ್ಲ ಅಂತಲ್ಲ. ಗ್ಲೂಕೋಸಿನ ಒಂದು ಪೊಟ್ಟಣ ನಿನ್ನ ಬ್ಯಾಗಿನಲ್ಲೂ ಇರಲಿ, ಆದರೆ ಅದು ಹೆಚ್ಚುವರಿ. ಶುಗರ್ ತೀರಾ ಇಳಿದಾಗ ಅದನ್ನು ಏರಿಸುವ ಗ್ಲೂಕಗಾನ್ ಅನ್ನುವ ಔಷಧಿ ಬೇಕಾ ಅಂತ ಅವರ ಡಾಕ್ಟರನ್ನು ಕೇಳಿ. ಚುಚ್ಚುವುದೂ ಇದೆ, ಮೂಗಿಗೆ ಹಾಕುವ ಪುಡಿಯೂ ಇದೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕಬಾರದು, ಉಸಿರು ಕಟ್ಟುತ್ತದೆ. ಆಗ ಗ್ಲೂಕಗಾನ್ ಕೊಟ್ಟು ಆಂಬುಲೆನ್ಸ್ ಕರೆಯುವುದು ನಿನ್ನ ಪಾಲಿನ ಕೆಲಸ. ಅದನ್ನು ಈಗಲೇ ಕಲಿತಿಟ್ಟುಕೋ.

ಬ್ಯಾಗನ್ನು ನೀನು ಕೊಂಡು ತಂದು ಕೊಡಬೇಡ. ಅವರೇ ಆರಿಸಲಿ. ಸೊಂಟಕ್ಕೆ ಕಟ್ಟುವುದೋ, ಹೆಗಲಿಗೆ ಹಾಕುವುದೋ, ಲ್ಯಾಪ್‌ಟಾಪ್ ಚೀಲದ ಒಳಗೇ ಒಂದು ಪೌಚೋ, ಅವರಿಗೆ ಸರಿ ಕಂಡದ್ದು. ಆಫೀಸಿನಲ್ಲಿ ಒಬ್ಬರಿಗಾದರೂ ವಿಷಯ ಹೇಳಲಿ ಅಂತ ನನಗೆ ತುಂಬಾ ಆಸೆ. ನಾನು ಹೇಳಿದ್ದು ರೈಲ್ವೆ ನಿಲ್ದಾಣದ ಘಟನೆ ಆದ ಮೇಲೆ, ಪಕ್ಕದ ಮೇಜಿನವರಿಗೆ. ಅವರು ‘ನಮ್ಮಣ್ಣನಿಗೂ ಇದೆ’ ಅಂದರು, ಎಲ್ಲಿ ಇಟ್ಟಿರ್ತೀರಿ ತೋರಿಸಿ ಅಂದರು. ಅವತ್ತು ಮೊದಲ ಸಲ ಬ್ಯಾಗಿನ ಜಿಪ್ಪನ್ನು ಬೇರೆಯವರೆದುರು ತೆಗೆದೆ.

ಅಳಿಯಂದಿರಿಗೆ ಭಾನುವಾರ ಬಿಡುವಿದ್ದರೆ ನನಗೆ ವಿಡಿಯೋ ಕಾಲ್ ಮಾಡಲು ಹೇಳು. ನೀನು ಹೇಳಿಕೊಟ್ಟದ್ದು ಅಂತ ಗೊತ್ತಾಗುವುದು ಬೇಡ. ನಾನು ಬ್ಯಾಗ್ ಮುಂದಿಟ್ಟುಕೊಂಡು ಕೂತಿರುತ್ತೇನೆ.

ನಿನ್ನ,
ಅಪ್ಪ