ಅಮ್ಮನ ಅಂಗೈ, ನಿನ್ನ ತಲೆನೋವು

ಗೆಳೆಯಾ,

ನಿನ್ನ ಪತ್ರ ಬಂದು ನಾಲ್ಕು ದಿನವಾಯಿತು. ಕುಡಿತ ಬಿಟ್ಟು 41 ದಿನ ಎಂದು ಮೊದಲ ಸಾಲಿನಲ್ಲೇ ಬರೆದಿದ್ದೀಯ. ಅದನ್ನು ಓದಿ ಎದ್ದು, ಮನೆಯೊಳಗೇ ಎರಡು ಸುತ್ತು ಹಾಕಿ ಬಂದು ಮುಂದಕ್ಕೆ ಓದಿದೆ. ಉಳಿದದ್ದೆಲ್ಲ ಸಿಟ್ಟು. ಆಪ್ತಸಮಾಲೋಚಕಿ ನಿನ್ನ ಬಾಲ್ಯದ ಬಗ್ಗೆ ಕೇಳಿದರು, ನೀನು ಕುರ್ಚಿ ಸರಿಸಿ ಎದ್ದು ಬಂದೆ. "ನನ್ನನ್ನು ಯಾರೂ ಹೊಡೆಯಲಿಲ್ಲ, ಉಪವಾಸ ಕೆಡವಲಿಲ್ಲ, ಶಾಲೆಯ ಶುಲ್ಕ ಒಂದು ದಿನವೂ ತಡವಾಗಲಿಲ್ಲ. ನನ್ನ ಕುಡಿತಕ್ಕೆ ಸತ್ತುಹೋದ ಅಪ್ಪನನ್ನು ಯಾಕೆ ಎಳೆದು ತರಬೇಕು?" ಎಂದಿದ್ದೀಯ.

ನಿನ್ನ ಅಪ್ಪನನ್ನು ನಾನೂ ಕಂಡಿದ್ದೇನೆ. ಕೆಟ್ಟವರಲ್ಲ. ದುಡಿದು ಸುಸ್ತಾಗಿ ಬರುತ್ತಿದ್ದರು, ಉಣ್ಣುತ್ತಿದ್ದರು, ಮಲಗುತ್ತಿದ್ದರು. ಅವರು ನಿನ್ನ ಮುಖ ನೋಡಿ ಮಾತನಾಡಿದ್ದು ಮಾತ್ರ ನನಗೆ ನೆನಪಿಲ್ಲ. ನಿನ್ನ ತಾಯಿ ಸದಾ ಮುಚ್ಚಿದ ಬಾಗಿಲಿನ ಆಚೆ. ಅವರಿಗೆ ಏನಾಗಿದೆ ಎಂದು ನಿನಗೂ ಯಾರೂ ಹೇಳಿರಲಿಲ್ಲ.

ನೀನು ಮರೆತಿರಬಹುದಾದ ಒಂದು ಸಂಗತಿ ಹೇಳುತ್ತೇನೆ. ಆಗ ನಾವು ಮೂರನೆಯ ತರಗತಿ. ಒಂದು ಸಂಜೆ ನೀನು ಆಟ ಬಿಟ್ಟು ನಮ್ಮ ಮನೆಯ ಬಾಗಿಲ ಬಳಿ ಮುದುಡಿಕೊಂಡು ನಿಂತಿದ್ದೆ. ಅಮ್ಮ ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಬಂದು ನಿನ್ನ ಹಣೆ ಮುಟ್ಟಿ ನೋಡಿದಳು. ಜ್ವರವೇನೂ ಇರಲಿಲ್ಲ. ಆದರೆ ನೀನು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು, ಅಲುಗಾಡಿದರೆ ಆ ಕೈ ಹಾರಿಹೋದೀತು ಎನ್ನುವಂತೆ ನಿಂತುಬಿಟ್ಟೆ. ಅಲ್ಲಿಂದ ನಿನಗೆ ತಲೆನೋವು ಶುರುವಾಯಿತು. ನಮ್ಮ ಮನೆಗೆ ಬಂದಾಗಲೆಲ್ಲ ತಲೆನೋವು, ಹೊರಗೆ ಆಡುವಾಗ ಒಮ್ಮೆಯೂ ಇಲ್ಲ. ಸುಳ್ಳುಬುರುಕ ಎಂದು ನಾನು ಹಂಗಿಸಿದ್ದೆ. ಆ ಮಾತು ಈಗ ನನ್ನನ್ನೇ ಚುಚ್ಚುತ್ತದೆ.

ಏಟು ತಿಂದವನು ಬಾಸುಂಡೆ ತೋರಿಸಬಲ್ಲ. ಹಣೆಯ ಮೇಲೆ ಬಾರದೇ ಹೋದ ಕೈಯನ್ನು ಹೇಗೆ ತೋರಿಸುತ್ತೀಯ? ಬಲ್ಲವರ ಕಣ್ಣಿಗೂ ಇದು ಬೇಗ ಬಿದ್ದಿಲ್ಲ. ಅಮೆರಿಕದ ವೈದ್ಯರಾದ ವಿನ್ಸೆಂಟ್ ಫೆಲಿಟ್ಟಿ ಮತ್ತು ರಾಬರ್ಟ್ ಆಂಡಾ 1998ರಲ್ಲಿ ಬಾಲ್ಯದ ಕಹಿ ಅನುಭವಗಳ ಬಗ್ಗೆ ಪ್ರಸಿದ್ಧ ಅಧ್ಯಯನ ಪ್ರಕಟಿಸಿದರು. ಹೊಡೆತ, ನಿಂದನೆ, ಲೈಂಗಿಕ ದೌರ್ಜನ್ಯ, ಮನೆಯವರ ಕುಡಿತ, ಜೈಲುವಾಸ ಹೀಗೆ ಏಳು ಬಗೆ. ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಬಗೆಯನ್ನು ಉಂಡವರಲ್ಲಿ ಕುಡಿತದ ಚಟ, ಮಾದಕವಸ್ತು, ಖಿನ್ನತೆ, ಆತ್ಮಹತ್ಯೆ ಯತ್ನ ಇವುಗಳ ಅಪಾಯ 4ರಿಂದ 12 ಪಟ್ಟು ಹೆಚ್ಚು ಕಂಡಿತು. ಆದರೆ ಆ ಏಳರಲ್ಲಿ ನಿರ್ಲಕ್ಷ್ಯ ಇರಲೇ ಇಲ್ಲ! ನಿರ್ಲಕ್ಷ್ಯವೂ ನಿರ್ಲಕ್ಷ್ಯಕ್ಕೆ ಒಳಗಾಗಿತ್ತು. ಎರಡನೆಯ ಸುತ್ತಿನ ಸಮೀಕ್ಷೆಯಲ್ಲಿ ಅದನ್ನು ಸೇರಿಸಿದರು. ಅಲ್ಲಿ ಕೇಳುವ ಪ್ರಶ್ನೆಯೂ ಬೇರೆ ಥರ. ನಿನಗೆ ಯಾರು ಏನು ಮಾಡಿದರು ಎಂದಲ್ಲ, ನೀನು ಬೇಕಾದವನು ಎಂದು ಅನ್ನಿಸುವಂತೆ ನಡೆದುಕೊಂಡವರು ಮನೆಯಲ್ಲಿ ಇದ್ದರೇ ಎಂದು. ನೀನು ಕುರ್ಚಿ ಸರಿಸಿ ಎದ್ದದ್ದು ಇಂಥದೇ ಪ್ರಶ್ನೆಗೆ ಎಂದು ನನ್ನ ಊಹೆ.

ಮೊದಲ ಸಲ ಕುಡಿದಾಗ ಹೇಗಿತ್ತು ಎಂದು ಹಿಂದೊಮ್ಮೆ ಕೇಳಿದ್ದೆ. ಹುಟ್ಟಿದಾಗಿನಿಂದ ತಲೆಯೊಳಗೆ ಓಡುತ್ತಿದ್ದ ಫ್ಯಾನು ನಿಂತಂತೆ ಎಂದಿದ್ದೆ ನೀನು. ಅದು ನಿಂತ ಮೇಲೆಯೇ ಅಷ್ಟು ದಿನ ಸದ್ದಿತ್ತೆಂದು ತಿಳಿದದ್ದು ಎಂದೂ ಹೇಳಿದ್ದೆ. 1978ರಲ್ಲಿ ಯಾಕ್ ಪಾಂಕ್ಸೆಪ್ ಎಂಬ ವಿಜ್ಞಾನಿಯ ತಂಡ ತಾಯಿಯಿಂದ ಬೇರೆ ಮಾಡಿದ ನಾಯಿಮರಿಗಳಿಗೆ ಅಫೀಮಿನಿಂದ ತೆಗೆಯುವ ನೋವುನಿವಾರಕ ಮಾರ್ಫಿನ್ ಅನ್ನು ತೀರಾ ಸಣ್ಣ ಪ್ರಮಾಣದಲ್ಲಿ ಕೊಟ್ಟು ನೋಡಿತು. ಮರಿಗಳು ನಿದ್ದೆಹೋಗಲಿಲ್ಲ, ಅಳುವುದನ್ನು ಕಡಿಮೆ ಮಾಡಿದವು. ತಾಯಿಯ ಮೈ ತಾಗಿದಾಗ ಮಿದುಳು ತಾನೇ ಸ್ರವಿಸುವ ಎಂಡಾರ್ಫಿನ್ ಕೂಡ ಮಾರ್ಫಿನ್‌ನ ಬಳಗದ್ದೇ. ಮದ್ಯವೂ ಅದನ್ನೇ ಹೊರಡಿಸುತ್ತದೆ. ನಿನಗೆ ಬರೆದುಕೊಟ್ಟಿರುವ ನಾಲ್ಟ್ರೆಕ್ಸೋನ್ ಮಾತ್ರೆ ತಡೆಯುವುದು ಆ ಎಂಡಾರ್ಫಿನ್ ಹೋಗಿ ಕೂರುವ ಜಾಗವನ್ನು. ಇದನ್ನು ಓದಿದ ರಾತ್ರಿ ನನಗೆ ಮತ್ತೆ ಮತ್ತೆ ಕಣ್ಣಿಗೆ ಕಟ್ಟಿದ್ದು ನಮ್ಮ ಬಾಗಿಲ ಬಳಿ ಉಸಿರು ಹಿಡಿದು ನಿಂತ ಹುಡುಗ.

ಎಲ್ಲವನ್ನೂ ಬಾಲ್ಯದ ತಲೆಗೆ ಕಟ್ಟುತ್ತಿಲ್ಲ. ಮದ್ಯವ್ಯಸನದಲ್ಲಿ ಅನುವಂಶೀಯತೆಯ ಪಾಲು ಸುಮಾರು ಅರ್ಧದಷ್ಟು ಎನ್ನುತ್ತಾರೆ. ಒಬ್ಬರೇ ಬೆಳೆದ ಎಷ್ಟೋ ಮಕ್ಕಳು ಲೋಟ ಮುಟ್ಟುವುದಿಲ್ಲ. ನಿನ್ನ ಅಕ್ಕನೂ ಅದೇ ಮನೆಯಲ್ಲಿ ಬೆಳೆದಳಲ್ಲ ಎಂದು ನೀನು ವಾದಿಸುತ್ತೀಯ, ಗೊತ್ತು. ಅವಳು ಒಂದು ಗಳಿಗೆ ಸುಮ್ಮನೆ ಕುಳಿತದ್ದನ್ನು ನೀನು ನೋಡಿದ್ದೀಯಾ? ಮತ್ತೆ, ಹೆಂಡತಿಯ ಒಡವೆ ಮಾರಿದ್ದು ನೀನೇ. ಅದರ ಲೆಕ್ಕ ಅಪ್ಪನ ಖಾತೆಗೆ ಹೋಗುವುದಿಲ್ಲ. ಆಪ್ತಸಮಾಲೋಚಕಿ ಕೇಳುತ್ತಿರುವುದು ಅಪರಾಧಿ ಯಾರು ಎಂದಲ್ಲ. ಫ್ಯಾನು ಎಲ್ಲಿದೆ ಎಂದು. ಗುರುವಾರ ಹೋಗಿ ಅದೇ ಕುರ್ಚಿಯಲ್ಲಿ ಕೂರು. ಉತ್ತರ ಬರದಿದ್ದರೆ ತಲೆನೋವಿನ ಕಥೆ ಹೇಳು.

ಸಂಜೆ ಏಳಕ್ಕೆ ಕೈ ನಡುಗುತ್ತದೆ, ಆ ಹೊತ್ತಿಗೆ ಏನು ಮಾಡಲಿ ಎಂದು ಕೇಳಿದ್ದೀಯ. ಫೋನ್ ಮಾಡು. ಮಾತು ಇಲ್ಲದಿದ್ದರೂ ಪರವಾಗಿಲ್ಲ, ಕಿವಿಗೆ ಇಟ್ಟುಕೊಂಡು ಕೂರೋಣ.

ಅಮ್ಮನಿಗೆ ಈಗ ಕಣ್ಣು ಅಷ್ಟಾಗಿ ಕಾಣುವುದಿಲ್ಲ. ನಿನ್ನ ಪತ್ರ ಬಂದಿದೆ ಎಂದೆ. ಕುಡಿತದ ವಿಷಯ ಎತ್ತಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಹುಡುಗನ ತಲೆನೋವು ವಾಸಿಯಾಯಿತೇ?" ಎಂದು ಕೇಳಿದಳು. ಬಂದು ನೀನೇ ಹೇಳು.

ನಿನ್ನ ಗೆಳೆಯ